ಹತ್ತು ಸೆಕೆಂಡು ಒತ್ತಿ ಹಿಡಿಯಿರಿ

ನೆಟ್‌ವರ್ಕ್ ಸ್ವಿಚ್ಚಿನ ಮೈಮೇಲೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಸಣ್ಣ ತೂತು ಇರುತ್ತದೆ. ಕೆಲವಕ್ಕೆ ತೂತಿನ ಬದಲು ಗುಂಡಿ. ಹಲವು ಮಾದರಿಗಳಲ್ಲಿ ಪಿನ್ನು ತೂರಿಸಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ಸಾಕು, ಕಲಿತದ್ದನ್ನೆಲ್ಲ ಮರೆತು ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಮರಳುತ್ತದೆ. ಕೈಪಿಡಿಯಲ್ಲಿ ಇದಕ್ಕೆ ಕೊಟ್ಟ ಜಾಗ ಒಂದೆರಡು ಸಾಲು. ಕೈಪಿಡಿ ಬರೆದವರು ಕೊಚ್ಚಿಯಲ್ಲಿ ಕೂತು ತಿರುವನಂತಪುರದ ಸ್ವಿಚ್ ನೋಡಿಕೊಂಡವರಲ್ಲ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಬದಿಯಡ್ಕದ ಹುಡುಗನೊಬ್ಬ ಕೊಚ್ಚಿಯ ಕಾಕ್ಕನಾಡಿನಲ್ಲಿ ಎಂಜಿನಿಯರ್. ಅವನ ಕಂಪನಿಯ ಶಾಖೆ ಇರುವುದು 1990ರಲ್ಲಿ ಹುಟ್ಟಿದ, ದೇಶದ ಮೊದಲ ಟೆಕ್ ಪಾರ್ಕ್ ಎನಿಸಿಕೊಂಡ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಅಲ್ಲಿನ ಸ್ವಿಚ್ಚಿನ ಪಾಸ್‌ವರ್ಡ್ ಗೊತ್ತಿದ್ದವನು ವೀಸಾ ಸಿಕ್ಕಿ ದುಬೈಗೆ ಹೋಗಿದ್ದ. ಪಾಸ್‌ವರ್ಡೂ ಜೊತೆಗೆ ಹೋಗಿತ್ತು. ಗೊತ್ತಿದ್ದರೂ ದೂರದಿಂದ ರೀಸೆಟ್ ಮಾಡುವುದು ಕೂತ ಕೊಂಬೆಯನ್ನೇ ಕಡಿದಂತೆ: ಸ್ವಿಚ್ ತನ್ನ ಐಪಿ ವಿಳಾಸವನ್ನೂ ಮರೆಯುವುದರಿಂದ ಮತ್ತೆ ಕೈಗೆ ಸಿಗುವುದಿಲ್ಲ. ಹುಡುಗ ಅಲ್ಲಿನ ಸೆಕ್ಯೂರಿಟಿಗೆ ಫೋನ್ ಮಾಡಿದ.

"ಚೇಟ್ಟಾ, ಸ್ವಿಚ್ಚಿನಲ್ಲಿ ಒಂದು ತೂತು ಕಾಣುತ್ತದಾ?"

"ಇಪ್ಪತ್ತನಾಲ್ಕು ಕಾಣುತ್ತದೆ ಸಾರೇ. ಯಾವುದಕ್ಕೆ ಚುಚ್ಚಲಿ?"

ಬೆಳಗಿನ ಜಾವದ ವಂಚಿನಾಡ್ ಎಕ್ಸ್‌ಪ್ರೆಸ್ಸೇ ಗತಿಯಾಯಿತು. ಹಾದಿಯಲ್ಲಿ ಅಮ್ಮನ ಫೋನು: "ಸ್ವಿಚ್ ಸರಿ ಮಾಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಅಲ್ಲಿ ಎಲೆಕ್ಟ್ರಿಷಿಯನ್ ಇಲ್ವಾ?" ಚೀಲದಲ್ಲಿ ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ಕೇಬಲ್ಲು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಸಿಕ್ಕಿಸುವ ಸೀರಿಯಲ್ ಪೋರ್ಟ್ ಇರುವುದಿಲ್ಲವಾದ್ದರಿಂದ ಎರ್ನಾಕುಲಂನ ಪೆಂಟಾ ಮೇನಕಾದಿಂದ ತಂದ ಯುಎಸ್‌ಬಿ ಕನ್ವರ್ಟರ್ರೂ ಇತ್ತು. ಪಿನ್ನು ಮಾತ್ರ ಇರಲಿಲ್ಲ. ಅದನ್ನು ಅಕೌಂಟ್ಸ್ ವಿಭಾಗದ ಚೇಚಿ ಸೆರಗಿನಿಂದ ಬಿಚ್ಚಿ ಕೊಟ್ಟರು.

ರೀಸೆಟ್ ಆಯಿತು. ಎಲ್ಲ ದೀಪಗಳೂ ಹಸಿರಾಗಿ ಮಿನುಗಿದವು, ಇಂಟರ್‌ನೆಟ್ಟೂ ಬಂತು, ಜನ ಚಪ್ಪಾಳೆ ತಟ್ಟಿದರು. ಎಡವಟ್ಟು ಇರುವುದೇ ಇಲ್ಲಿ. ಹೊಸ ಸ್ಥಿತಿಯಲ್ಲಿ ಸ್ವಿಚ್ಚಿನ ಎಲ್ಲ ಪೋರ್ಟ್‌ಗಳೂ ಒಂದನೇ ನಂಬರಿನ ವಿಲ್ಯಾನ್‌ಗೆ, ಅಂದರೆ ಒಂದೇ ಒಳಜಾಲಕ್ಕೆ, ಸೇರಿರುತ್ತವೆ. ಅಕೌಂಟ್ಸ್, ಸಿಸಿಟಿವಿ, ಅತಿಥಿಗಳ ವೈಫೈ ಎಂದು ಮಾಡಿಟ್ಟಿದ್ದ ಭೇದವೆಲ್ಲ ಹೋಗಿ ಸಂಪೂರ್ಣ ಸಮಾನತೆ. ಕೇರಳದಲ್ಲಿ ಇದಕ್ಕೆ ಯಾರೂ ತಕರಾರು ತೆಗೆಯಬಾರದಿತ್ತು; ಆದರೆ ಪಿನ್ನು ಕೊಟ್ಟ ಚೇಚಿಯೇ ತೆಗೆದರು. ಇಂಟರ್‌ವ್ಯೂಗೆ ಬಂದಿದ್ದ ಯಾರದೋ ಬಯೋಡೇಟಾ ಅವರ ಪ್ರಿಂಟರಿನಿಂದ ಹೊರಬರುತ್ತಿತ್ತು. ಹಳೆಯ ಸೆಟ್ಟಿಂಗಿನ ಬ್ಯಾಕಪ್ ಇರಲಿಲ್ಲ. ಯಾವ ಕೇಬಲ್ ಯಾರ ಮೇಜಿಗೆ ಹೋಗುತ್ತದೆ ಎಂದು ತಿಳಿಯಲು ಒಂದೊಂದನ್ನೇ ಕಿತ್ತು, ಯಾರು ಕೂಗುತ್ತಾರೆ ಎಂದು ಕಿವಿಗೊಡುವುದೊಂದೇ ದಾರಿ. ಲೋಕದ ಅರ್ಧ ನೆಟ್‌ವರ್ಕ್ ನಕ್ಷೆಗಳು ತಯಾರಾಗಿರುವುದು ಹೀಗೇ ಇರಬೇಕು.

ಗುಂಡಿ ಬಿಟ್ಟು ಕಮಾಂಡ್ ಕೊಟ್ಟು ಅಳಿಸುವವರ ಪಾಡು ಬೇರೆ. ಸಿಸ್ಕೋದ ಕ್ಯಾಟಲಿಸ್ಟ್ ಸ್ವಿಚ್ಚುಗಳಲ್ಲಿ 'ರೈಟ್ ಇರೇಸ್' ಎಂದರೆ ಸೆಟ್ಟಿಂಗ್ ಹೋಗುತ್ತದೆ, ವಿಲ್ಯಾನ್ ಪಟ್ಟಿ ಹೋಗುವುದಿಲ್ಲ. ಅದು ಫ್ಲ್ಯಾಶ್ ಮೆಮೊರಿಯ ಬೇರೆ ಫೈಲಿನಲ್ಲಿ ತಣ್ಣಗೆ ಕೂತಿರುತ್ತದೆ. ಆ ಪಟ್ಟಿಯನ್ನು ಸ್ವಿಚ್ಚುಗಳ ನಡುವೆ ಹಂಚುವ ವಿಟಿಪಿ ಎಂಬ ವ್ಯವಸ್ಥೆಯ ಹಳೆಯ ಆವೃತ್ತಿಗಳಲ್ಲಂತೂ, ಮೂಲೆಯಿಂದ ಎತ್ತಿ ತಂದ ಹಳೇ ಸ್ವಿಚ್ಚಿನ ಡೊಮೇನ್ ಹೆಸರು ಹೊಂದಿಕೊಂಡು ಅದರ ರಿವಿಷನ್ ನಂಬರ್ ದೊಡ್ಡದಿದ್ದರೆ, ಉಳಿದ ಸ್ವಿಚ್ಚುಗಳೆಲ್ಲ ತಮ್ಮ ಪಟ್ಟಿ ಎಸೆದು ಅದರದನ್ನೇ ಒಪ್ಪಿಕೊಳ್ಳುತ್ತವೆ. ಸೀನಿಯಾರಿಟಿಗೆ ಇಷ್ಟು ಬೆಲೆ ಸರಕಾರಿ ಕಚೇರಿಯಲ್ಲೂ ಇಲ್ಲ.

ಯಾರೂ ಮುಟ್ಟದೆಯೂ ರೀಸೆಟ್ ಆಗುವುದುಂಟು. 48 ಪೋರ್ಟಿನ ಕ್ಯಾಟಲಿಸ್ಟ್ 3650, 3850 ಮಾದರಿಗಳಲ್ಲಿ ರೀಸೆಟ್‌ಗೆ ಒತ್ತುವ ಮೋಡ್ ಗುಂಡಿ ಇರುವುದು ಸರಿಯಾಗಿ ಒಂದನೇ ಪೋರ್ಟಿನ ನೆತ್ತಿಯ ಮೇಲೆ. ಕೆಲವು ಕೇಬಲ್‌ಗಳ ತುದಿಯಲ್ಲಿ ಕೊಂಡಿ ಮುರಿಯದಿರಲೆಂದು ರಬ್ಬರಿನ ಟೊಪ್ಪಿಗೆ ಇರುತ್ತದಲ್ಲ, ಅದು ಗುಂಡಿಯನ್ನು ಒತ್ತಿ ಹಿಡಿಯುತ್ತಿತ್ತು. ಕೇಬಲ್ ಹಾಕಿದವನು ಬೆನ್ನು ತಿರುಗಿಸುವಷ್ಟರಲ್ಲಿ ಸ್ವಿಚ್ಚಿಗೆ ಮರೆವು. 2013ರಲ್ಲಿ ಸಿಸ್ಕೋ ಇದಕ್ಕೆಂದೇ ಅಧಿಕೃತ ಪ್ರಕಟಣೆ ಹೊರಡಿಸಿತು. ಪರಿಹಾರಗಳಲ್ಲಿ ಒಂದು, ಟೊಪ್ಪಿಗೆಯನ್ನು ಕತ್ತರಿಸಿ ಹಾಕುವುದು.

ರೀಸೆಟ್ ಮಾಡಿ 'ಅಡ್ಮಿನ್, ಅಡ್ಮಿನ್' ಎಂದೇ ಬಿಟ್ಟವರ ಕಥೆ 2016ರಲ್ಲಿ ಲೋಕಕ್ಕೆ ಗೊತ್ತಾಯಿತು. ಮಿರಾಯ್ ಎಂಬ ಮಾಲ್ವೇರ್, ಕಾರ್ಖಾನೆಯವರು ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಹಿಡಿದುಕೊಂಡು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿತ್ತು. ರೀಸೆಟ್ ಮಾಡದೆ ಮಾರಿದವರದು ಇನ್ನೊಂದು ಕಥೆ: 2023ರಲ್ಲಿ ಇಸೆಟ್ ಎಂಬ ಸೈಬರ್ ಸುರಕ್ಷಾ ಸಂಸ್ಥೆ ಸೆಕೆಂಡ್‌ಹ್ಯಾಂಡ್ ರೂಟರ್‌ಗಳನ್ನು ಕೊಂಡು ಪರೀಕ್ಷಿಸಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಳೆಯ ಕಂಪನಿಗಳ ಗುಟ್ಟು ಹಾಗೇ ಇತ್ತು.

ತಿರುವನಂತಪುರದ ಆ ಕಚೇರಿಯಲ್ಲೂ ಎರಡು ಹಳೇ ಸ್ವಿಚ್ಚುಗಳು ಗುಜರಿಗೆ ಹೋಗಲು ಕಾದಿದ್ದವು. ಹುಡುಗ ಅವಕ್ಕೆ ಕರೆಂಟು ಕೊಟ್ಟು ಪಿನ್ನಿಗೆ ಕೈ ಹಾಕುವಷ್ಟರಲ್ಲಿ ಸೆಕ್ಯೂರಿಟಿ ಚೇಟ್ಟ ಅದನ್ನು ಕಿತ್ತುಕೊಂಡ. "ನನಗೀಗ ತೂತು ಗೊತ್ತು ಸಾರೇ." ಒನ್ನು, ರಂಡು ಎಂದು ಗಟ್ಟಿಯಾಗಿ ಎಣಿಸತೊಡಗಿದ. ಐದಾರು ಸೆಕೆಂಡಿಗೇ ಕೈ ತೆಗೆದರೆ ಆ ಮಾದರಿಗಳು ಬರೀ ರೀಸ್ಟಾರ್ಟ್ ಆಗುತ್ತವೆ, ಏನನ್ನೂ ಮರೆಯುವುದಿಲ್ಲ. ಅವನು ಆರಕ್ಕೆ ಬಂದಿದ್ದ. ಅಷ್ಟರಲ್ಲಿ ಗೇಟಿಗೆ ಬಿರಿಯಾನಿ ಪಾರ್ಸೆಲ್ ಬಂತೆಂದು ಫೋನ್ ಬಂತು.