ನೋ ಸಿಗ್ನಲ್ ಮೀಮಾಂಸೆ

ವಿಚಾರ ಸಂಕಿರಣವೆಂಬ ಆಚರಣೆಯ ಅಂಗಗಳೆಂದು ವಿದ್ವಾಂಸರು ಈವರೆಗೆ ಗುರುತಿಸಿರುವುದು ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ ಇವಿಷ್ಟನ್ನೇ. ಇವೆಲ್ಲ ನಡೆಯುವಾಗ ಸಭಿಕರು ಮೊಬೈಲ್ ನೋಡುತ್ತಿರುತ್ತಾರೆ. ಅವರು ತಲೆಯೆತ್ತಿ, ಕುತ್ತಿಗೆ ಚಾಚಿ ನೋಡುವ ಅಂಗ ಬೇರೊಂದಿದೆ. ಉಪನ್ಯಾಸಕರ ಲ್ಯಾಪ್‌ಟಾಪನ್ನು ಸಭಾಂಗಣದ ಪ್ರೊಜೆಕ್ಟರಿಗೆ ಕೇಬಲ್ಲಿನಿಂದ ಜೋಡಿಸುವುದೇ ಅದು. ಆ ಹೊತ್ತಿನಲ್ಲಿ ನಿರೂಪಕಿ ‘ತಾಂತ್ರಿಕ ಕಾರಣಗಳಿಂದ...’ ಎಂದು ಆರಂಭಿಸಿ ವಾಕ್ಯವನ್ನು ಅಲ್ಲಿಗೇ ಬಿಡುತ್ತಾರೆ. ಆ ವಾಕ್ಯವನ್ನು ಪೂರ್ಣಗೊಳಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕಾಲವಿಭಾಗ. ಆದಿಯುಗದ ಪ್ರವರ್ತಕ ವಿಜಿಎ. 1987ರಲ್ಲಿ ಐಬಿಎಂ ಕಂಪನಿಯ ಪಿಎಸ್/2 ಕಂಪ್ಯೂಟರುಗಳ ಜೊತೆ ಬಂದದ್ದು. ಮೂರು ಸಾಲುಗಳಲ್ಲಿ 15 ಪಿನ್, ಎರಡು ಪಕ್ಕದಲ್ಲಿ ಎರಡು ಸ್ಕ್ರೂ. ಈ ಸ್ಕ್ರೂಗಳನ್ನು ಎರಡೂ ಕಡೆ ಪೂರ್ತಿ ತಿರುಗಿಸಿದ ದಾಖಲೆ ಉಪಲಬ್ಧವಿಲ್ಲ. ನಡುವೆ 1999ರಲ್ಲಿ ಡಿವಿಐ ಎಂಬ ಅಲ್ಪಾಯುಷಿ ರಾಜವಂಶ ಬಂದುಹೋಯಿತು; ಅದರ ಅವಶೇಷಗಳು ಹಳೆಯ ಮಾನಿಟರುಗಳ ಬೆನ್ನಲ್ಲಿ ಈಗಲೂ ಸಿಗುತ್ತವೆ. 2002ರ ಡಿಸೆಂಬರಿನಲ್ಲಿ ಸೋನಿ, ಫಿಲಿಪ್ಸ್, ಹಿಟಾಚಿ, ತೋಷಿಬಾ ಮುಂತಾದ ಏಳು ಕಂಪನಿಗಳು ಸೇರಿ 19 ಪಿನ್ನಿನ ಎಚ್‌ಡಿಎಂಐಯ ಮೊದಲ ನಿಯಮಾವಳಿಯನ್ನು ಹೊರಡಿಸಿದವು. 2010ರ ಡಿಸೆಂಬರಿನಲ್ಲಿ ಇಂಟೆಲ್ ಮತ್ತು ಎಎಂಡಿ, ವಿಜಿಎಗೆ 2015ರ ಹೊತ್ತಿಗೆ ವಿದಾಯ ಹೇಳುವುದಾಗಿ ಘೋಷಿಸಿದವು. ನಮ್ಮ ಸಭಾಂಗಣಗಳ ಚಾವಣಿಯಲ್ಲಿ ತೂಗುವ ಪ್ರೊಜೆಕ್ಟರುಗಳಿಗೆ ಆ ಸುತ್ತೋಲೆ ಇನ್ನೂ ತಲುಪಿದಂತಿಲ್ಲ.

ವಿಜಿಎ ಯುಗದ ಒಂದು ಗುಣವನ್ನು ಮಾತ್ರ ಮೆಚ್ಚಲೇಬೇಕು. ಅದು ತನ್ನ ರೋಗವನ್ನು ಮುಖದ ಮೇಲೆಯೇ ತೋರಿಸುತ್ತಿತ್ತು. ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಪಿನ್ನುಗಳಲ್ಲಿ ಹರಿಯುವುದರಿಂದ, ಮೂರನೆಯ ಪಿನ್ ಸಡಿಲವಾದರೆ ನೀಲಿ ಹೋಗಿ ಬಿಳಿ ಸ್ಲೈಡು ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಒಂದನೆಯದು ಸಡಿಲವಾದರೆ ಮುಖ್ಯ ಅತಿಥಿಗಳ ಭಾವಚಿತ್ರದಲ್ಲಿ ರಕ್ತವೇ ಇಲ್ಲದಂತಾಗುತ್ತದೆ. ಎಚ್‌ಡಿಎಂಐ ಹೀಗಲ್ಲ, ಬಂದರೆ ಪೂರ್ತಿ ಬರುತ್ತದೆ, ಇಲ್ಲವೇ ನೀಲಿ ತೆರೆಯ ಮೇಲೆ ‘ನೋ ಸಿಗ್ನಲ್’ ಎಂಬ ಎರಡೇ ಪದಗಳ ಸೂತ್ರ ಮೂಡುತ್ತದೆ.

ಈ ಸೂತ್ರಕ್ಕೆ ಸಭಾಂಗಣಗಳಲ್ಲಿ ಪ್ರಚಲಿತವಿರುವ ಭಾಷ್ಯಗಳು ಹಲವು. ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿ ಎಡಬಲಕ್ಕೆ ಆಡಿಸುವವರದು ಅಲುಗಾಟ ಪಂಥ. ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ ಎನ್ನುವವರದು ಪುನರ್ಜನ್ಮ ಪಂಥ. ‘ಇದು ಸರಿ ಇಲ್ಲ ಸರ್, ಬೇರೆ ಕೇಬಲ್ ತರಿಸಿ’ ಎನ್ನುವವರು ಸಂನ್ಯಾಸ ಪಂಥದವರು; ಹಾಗೆ ಹೇಳಿ ಅವರು ಮತ್ತೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಾರೆ. ಪರಸ್ಪರ ವಿರೋಧಿಗಳಾದರೂ ಮೂರೂ ಪಂಥಗಳ ಪೂರ್ವಪಕ್ಷ ಒಂದೇ: ಕೇಬಲ್ ಎಂದರೆ ನಲ್ಲಿಯ ಪೈಪು, ಒಂದು ತುದಿಯಲ್ಲಿ ಚಿತ್ರ ಬಿಟ್ಟರೆ ಇನ್ನೊಂದು ತುದಿಯಲ್ಲಿ ಸುರಿಯಬೇಕು.

ಸಿದ್ಧಾಂತ ಬೇರೆ. ಚಿತ್ರ ಹೊರಡುವ ಮುಂಚೆ ಎರಡು ಯಂತ್ರಗಳ ನಡುವೆ ಗೋತ್ರಪ್ರವರ ನಡೆಯುತ್ತದೆ. ಲ್ಯಾಪ್‌ಟಾಪು 18ನೇ ಪಿನ್ನಿನಲ್ಲಿ 5 ವೋಲ್ಟ್ ಕಳಿಸಿ ‘ಯಾರಾದರೂ ಇದ್ದೀರಾ’ ಎನ್ನುತ್ತದೆ. ಪ್ರೊಜೆಕ್ಟರು 19ನೇ ಪಿನ್ನಿನಲ್ಲಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಲ್ಯಾಪ್‌ಟಾಪು ಪ್ರೊಜೆಕ್ಟರಿನೊಳಗೆ ಕೆತ್ತಿಟ್ಟ ಇಡಿಐಡಿ ಎಂಬ ಪಾಠವನ್ನು ಓದಲು ತೊಡಗುತ್ತದೆ.

ಈ ಪಾಠದ ಸ್ವರೂಪವನ್ನು ಕಂಡರೆ ಶಾಸನತಜ್ಞರು ತಕ್ಷಣ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೂಲಪಾಠ 128 ಬೈಟ್. ಮೊದಲ ಎಂಟು ಬೈಟು ಮಂಗಳ ಶ್ಲೋಕ: ಜಗತ್ತಿನ ಯಾವ ತಯಾರಕರದೇ ಆಗಲಿ, ಅಕ್ಷರವೂ ಬದಲಾಗುವುದಿಲ್ಲ. ಬಳಿಕ ವಂಶಾವಳಿ, ಅಂದರೆ ತಯಾರಕರ ಮೂರಕ್ಷರದ ಸಂಕೇತ. ಬಳಿಕ ಕಾಲನಿರ್ದೇಶ, ತಿಥಿ, ವಾರ, ನಕ್ಷತ್ರಗಳ ಬದಲಿಗೆ ಯಂತ್ರ ತಯಾರಾದದ್ದು ವರ್ಷದ ಎಷ್ಟನೇ ವಾರ ಎಂಬುದು. ವರ್ಷವನ್ನು ಕ್ರಿಸ್ತಶಕದಲ್ಲೂ ಹೇಳುವುದಿಲ್ಲ, ಶಾಲಿವಾಹನ ಶಕದಲ್ಲೂ ಹೇಳುವುದಿಲ್ಲ. ಇಲ್ಲಿನ ಗಣನೆ 1990ರಿಂದ. 2015ರಲ್ಲಿ ಹುಟ್ಟಿದ ಪ್ರೊಜೆಕ್ಟರು ತನ್ನನ್ನು 25ನೇ ವರ್ಷದ್ದೆಂದು ಘೋಷಿಸಿಕೊಳ್ಳುತ್ತದೆ. ಪರದೆಯ ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಹೇಳುವ ಜಾಗವೂ ಉಂಟು. ಗೋಡೆಯನ್ನೇ ಪರದೆ ಮಾಡಿಕೊಳ್ಳುವ ಪ್ರೊಜೆಕ್ಟರಿಗೆ ನಿಶ್ಚಿತ ಅಳತೆ ಇಲ್ಲವಾದ್ದರಿಂದ ಅದು ಅಲ್ಲಿ ಎರಡು ಸೊನ್ನೆ ಬರೆಯಬಹುದು. ನಮ್ಮ ಅರಸರು ಪ್ರಶಸ್ತಿಯಲ್ಲಿ ಈ ವಿನಯ ತೋರಿದ್ದಿಲ್ಲ. ಶಾಪಾಶಯ ಇರಬೇಕಾದ ಕೊನೆಯ ಬೈಟಿನಲ್ಲಿ ತಾಳೆಲೆಕ್ಕವಿದೆ: 128 ಬೈಟುಗಳನ್ನೂ ಕೂಡಿದರೆ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ಪಾಠ ಭ್ರಷ್ಟ. ಆಗ ಲ್ಯಾಪ್‌ಟಾಪು ಊಹೆಯ ಮೇಲೆ ಯಾವುದೋ ಕಡಿಮೆ ರೆಸಲ್ಯೂಷನ್ ಕಳಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಈಗ ಪಂಥಗಳಿಗೆ ಮರಳಿದರೆ ಎರಡಕ್ಕೆ ಶಾಸ್ತ್ರಾಧಾರ ಸಿಗುತ್ತದೆ. ಪ್ಲಗ್ಗನ್ನು ಅಲುಗಾಡಿಸಿದಾಗ 19ನೇ ಪಿನ್ನಿನ ಸಂಪರ್ಕ ಕ್ಷಣಕಾಲ ತಪ್ಪಿ ಮತ್ತೆ ಕೂಡುತ್ತದೆ. ಹೊಸ ಅತಿಥಿ ಬಂದರೆಂದು ತಿಳಿದ ಲ್ಯಾಪ್‌ಟಾಪು ಮೊದಲಿನಿಂದ ವಿಚಾರಿಸತೊಡಗುತ್ತದೆ. ಆಫ್ ಮಾಡಿ ಆನ್ ಮಾಡಿದರೂ ಆಗುವುದು ಇದೇ. ಅಟೆಂಡರ್ ಸ್ಟೂಲ್ ಹತ್ತಿ ಮಾಡುವ ಕೆಲಸಕ್ಕೆ ತತ್ತ್ವದ ಬೆಂಬಲವಿದೆ. ಕೆಳಗೆ ನಿಂತು ನಗುವ ಭೌತಶಾಸ್ತ್ರ ವಿಭಾಗದವರು ಇದನ್ನು ಗಮನಿಸಬೇಕು. ಆದರೆ ಪ್ರಶ್ನೋತ್ತರಕ್ಕೆ ಕೆಲವು ಸೆಕೆಂಡು ಬೇಕು. ಉತ್ತರ ಬರುವಷ್ಟರಲ್ಲಿ ಮತ್ತೆ ಅಲುಗಾಡಿಸಿದರೆ ಸಂಭಾಷಣೆ ಮತ್ತೆ ‘ಯಾರಾದರೂ ಇದ್ದೀರಾ’ಗೆ ಹಿಂದಿರುಗುತ್ತದೆ. ಐವರು ಸಹಾಯಕರಿರುವ ಸಭಾಂಗಣದಲ್ಲಿ ಚಿತ್ರ ಬರುವುದು ತಡ, ಒಬ್ಬರಿರುವಲ್ಲಿ ಬೇಗ. ಇದು ಪ್ರಸ್ತುತ ಪ್ರಬಂಧದ ಮುಖ್ಯ ಶೋಧನೆ.

ಸಂನ್ಯಾಸ ಪಂಥಕ್ಕೂ ಒಂದು ನೆಲೆಯಿದೆ, ಅದು ಕನ್ವರ್ಟರ್ ಪ್ರಕರಣದಲ್ಲಿ. ಹೊಸ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಹಳೆಯ ಪ್ರೊಜೆಕ್ಟರಿನಲ್ಲಿ ವಿಜಿಎ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಪುಟ್ಟ ಕನ್ವರ್ಟರ್ ಇವೆರಡರ ದ್ವಿಭಾಷಿ. ಅದರೊಳಗಿನ ಚಿಪ್ಪು ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುತ್ತದೆ, ತಿರುಗುಮುರುಗು ಮಾಡುವುದಿಲ್ಲ. ಹಳೆಯ ಕಂಪ್ಯೂಟರನ್ನು ಹೊಸ ಟಿವಿಗೆ ಜೋಡಿಸಲು ಇದೇ ಡಬ್ಬಿಯನ್ನು ಉಲ್ಟಾ ಸಿಕ್ಕಿಸಿದರೆ ಪ್ರಳಯದವರೆಗೆ ಕಾದರೂ ಚಿತ್ರ ಬಾರದು. ಇನ್ನು ವಿಜಿಎ ಧ್ವನಿಯನ್ನು ಒಯ್ಯುವುದೇ ಇಲ್ಲ, ಅದಕ್ಕೆ ಬೇರೆ ಆಡಿಯೊ ವೈರ್ ಬೇಕು. ಎಚ್‌ಡಿಎಂಐ ಒಯ್ಯುತ್ತದೆ, ಆದರೆ ಒಯ್ದು ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಒಪ್ಪಿಸುತ್ತದೆ. ಸಾಕ್ಷ್ಯಚಿತ್ರದ ಗಂಭೀರ ನಿರೂಪಣೆ ಚಾವಣಿಯ ಫ್ಯಾನ್ ಸದ್ದಿನ ಜೊತೆ ಬೆರೆತು ಕೇಳಿಸುವುದು ಹೀಗೆ.

ಕೇಬಲ್, ಪಿನ್, ಪಾಠ ಎಲ್ಲ ಶುದ್ಧವಾಗಿದ್ದೂ ತೆರೆ ನೀಲಿಯಾಗಿದ್ದರೆ ದೋಷ ಸಾಮಾನ್ಯವಾಗಿ ಎರಡೇ ಕಡೆ. ಪ್ರೊಜೆಕ್ಟರಿನ ಸೋರ್ಸ್ ಬೇರೆ ಪೋರ್ಟಿನ ಮೇಲಿರುತ್ತದೆ. ಅದನ್ನು ಬದಲಿಸುವ ರಿಮೋಟು ಪ್ರಾಂಶುಪಾಲರ ಕೊಠಡಿಯ ಬೀರುವಿನಲ್ಲಿರುತ್ತದೆ. ಇಲ್ಲವೇ ಲ್ಯಾಪ್‌ಟಾಪಿನಲ್ಲಿ ‘ಪಿಸಿ ಸ್ಕ್ರೀನ್ ಓನ್ಲಿ’ ಆಯ್ಕೆ ಕೂತಿರುತ್ತದೆ. ವಿಂಡೋಸ್ ಗುಂಡಿಯನ್ನು ಒತ್ತಿಹಿಡಿದು ಪಿ ಒತ್ತಿದರೆ ನಾಲ್ಕು ಆಯ್ಕೆ ತೋರುತ್ತದೆ. ‘ಡೂಪ್ಲಿಕೇಟ್’ ಒತ್ತಿದವರು ಉಪನ್ಯಾಸ ಆರಂಭಿಸಬಹುದು. ‘ಎಕ್ಸ್‌ಟೆಂಡ್’ ಒತ್ತಿದವರಿಗೆ ತೆರೆಯ ಮೇಲೆ ಕಾಣುವುದು ಬರೀ ವಾಲ್‌ಪೇಪರ್. ಅಂದರೆ ಮಗಳ ಹುಟ್ಟುಹಬ್ಬದ ಫೋಟೊ.

ಕೊನೆಯದು ವಲಸೆ ಪಂಥ: ಎಲ್ಲ ಪ್ರಯತ್ನ ಸೋತಾಗ ಪಿಪಿಟಿಯನ್ನು ಪೆನ್‌ಡ್ರೈವಿಗೆ ಹಾಕಿ, ಮೊದಲೇ ಜೋಡಣೆಯಾಗಿರುವ ಸಭಾಂಗಣದ ಕಂಪ್ಯೂಟರಿಗೆ ಒಯ್ಯುವವರು. ಚಿತ್ರ ಖಂಡಿತ ಬರುತ್ತದೆ. ಆದರೆ ಮನೆಯಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕನ್ನಡ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳಾಗಿ ತೆರೆ ತುಂಬುತ್ತದೆ. ಪ್ರಬಂಧ ಮಂಡಿಸುವವರಲ್ಲಿ ವಿನಂತಿ: ಯೂನಿಕೋಡಿನಲ್ಲಿ ಬರೆಯಿರಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬನ್ನಿ.