ಬಿ.ಇಡಿ. ಸಾರ್

ಅವರನ್ನು ಗುರುತಿಸುವುದು ಸುಲಭ. ಬೆಲ್ಲು ಹೊಡೆಯುವುದಕ್ಕೆ ಅರ್ಧ ಗಂಟೆ ಮೊದಲೇ ಸರ್ಕಾರಿ ಪ್ರೌಢಶಾಲೆಯ ಗೇಟಿನ ಬಳಿ ನಿಂತಿರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯಲ್ಲಿ ಕಾಲೇಜಿನ ಐ.ಡಿ. ಕಾರ್ಡು, ಕಂಕುಳಲ್ಲಿ ಸುತ್ತಿದ ಚಾರ್ಟು, ಎರಡೂ ಕೈಯಲ್ಲಿ ಹಸುಗೂಸಿನ ಹಾಗೆ ಎತ್ತಿಕೊಂಡ ಥರ್ಮಾಕೋಲಿನ ಮಾದರಿ. ಬಸ್ಸಿನಲ್ಲಿ ತಾವು ನಿಂತು, ಮಾದರಿಯನ್ನು ಯಾರದೋ ಮಡಿಲಲ್ಲಿ ಕೂರಿಸಿ ತಂದಿದ್ದಾರೆ. ಕಾಗದಪತ್ರದಲ್ಲಿ ಅವರು ‘ಪ್ರಶಿಕ್ಷಣಾರ್ಥಿ’. ಮಕ್ಕಳ ಬಾಯಲ್ಲಿ ‘ಬಿ.ಇಡಿ. ಸಾರ್’. ಅಪ್ಪ ಅಮ್ಮ ಇಟ್ಟ ಹೆಸರು ಆ ನಾಲ್ಕು ತಿಂಗಳು ರಜೆಯ ಮೇಲಿರುತ್ತದೆ.

ನಾಲ್ಕು ತಿಂಗಳಿಗೆ ಲೆಕ್ಕವಿದೆ. ಬಿ.ಇಡಿ. ಮೊದಲು ಒಂದೇ ವರ್ಷದ್ದು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದ ಮೇಲೆ ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರ. ಅದರಲ್ಲಿ 16 ವಾರ ಎರಡನೇ ವರ್ಷಕ್ಕೆ. ಮಕ್ಕಳೇನೂ ಇದರಿಂದ ಗಾಬರಿಯಾಗಿಲ್ಲ. ಅವರು ಇಂಥ ಎಷ್ಟೋ ಬ್ಯಾಚುಗಳನ್ನು ಪಳಗಿಸಿ ಕಳಿಸಿದವರು.

ಬಿ.ಇಡಿ. ಸಾರ್ ಬರಿಗೈಯಲ್ಲಿ ಬಂದಿಲ್ಲ ಎಂಬುದನ್ನು ಹೇಳಲೇಬೇಕು. ಕಾಲೇಜಿನಲ್ಲಿ ಅವರಿಗೆ ಮೈಕ್ರೋ ಟೀಚಿಂಗ್ ಆಗಿದೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ವಿದ್ಯೆ ನಮ್ಮ ಕಾಲೇಜುಗಳಲ್ಲಿ ಆರು ನಿಮಿಷದ ಪಾಠವಾಗಿ ನೆಲೆ ನಿಂತಿದೆ. ಒಂದು ಸಲಕ್ಕೆ ಒಂದೇ ಕೌಶಲ: ಒಂದು ದಿನ ಪ್ರಶ್ನಿಸುವುದು, ಇನ್ನೊಂದು ದಿನ ಕಪ್ಪುಹಲಗೆ, ಮತ್ತೊಂದು ದಿನ ‘ಪುನರ್ಬಲನ’, ಅಂದರೆ ಉತ್ತರ ಹೇಳಿದವರ ಬೆನ್ನು ತಟ್ಟುವುದು. ವಿದ್ಯಾರ್ಥಿಗಳಾಗಿ ಎದುರಿಗೆ ಕೂರುವವರು ಸಹಪಾಠಿಗಳೇ. ಗಡ್ಡ ಬಂದ ಎಂಟನೇ ಕ್ಲಾಸು ಅದು. ಕೇಳಿದ್ದಕ್ಕೆ ಎದ್ದು ನಿಂತು ಪೂರ್ಣ ವಾಕ್ಯದಲ್ಲಿ ಉತ್ತರಿಸುತ್ತದೆ. ಯಾಕೆಂದರೆ ಮುಂದಿನ ಸರದಿ ಅವರದೇ.

“ಎಂಟನೇ ಬಿ ಸೆಕ್ಷನ್ ತಗೊಳ್ಳಿ ಸಾರ್. ಒಳ್ಳೇ ಮಕ್ಳು. ಸ್ವಲ್ಪ ಚುರುಕು,” ಎಂದರು ಹೆಡ್‌ಮಾಸ್ಟರು. ಸ್ಟಾಫ್ ರೂಮಿನಲ್ಲಿದ್ದ ಉಳಿದವರು ಚುರುಕು ಎಂಬ ಪದ ಕೇಳಿ ತಮ್ಮ ತಮ್ಮ ಟಿಫನ್ ಡಬ್ಬಿಯೊಳಗೆ ನೋಡಿಕೊಂಡರು.

ಪಾಠ ಜೀವಕೋಶ. ಪಾಠಯೋಜನೆಯ ಮೊದಲ ಪುಟದಲ್ಲಿ ಪೀಠಿಕಾ ಪ್ರಶ್ನೆಗಳು, ಅವುಗಳ ಎದುರಿಗೆ ‘ನಿರೀಕ್ಷಿತ ಉತ್ತರ’. ಮನೆಯನ್ನು ಯಾವುದರಿಂದ ಕಟ್ಟುತ್ತಾರೆ? ಇಟ್ಟಿಗೆಯಿಂದ. ಹಾಗಾದರೆ ನಮ್ಮ ದೇಹ ಯಾವುದರಿಂದ ಆಗಿದೆ? ಇಲ್ಲಿ ಮಕ್ಕಳು ಉತ್ತರ ತೋಚದೆ ಸುಮ್ಮನಾಗಬೇಕು. ಆಗ ಸಾರ್ ಗಂಟಲು ಸರಿಮಾಡಿಕೊಂಡು “ಹಾಗಿದ್ದರೆ ಇಂದು ನಾವು...” ಎಂದು ಶುರು ಮಾಡಬೇಕು.

“ಮಕ್ಕಳೇ, ಮನೆಯನ್ನು ಯಾವುದರಿಂದ ಕಟ್ತಾರೆ?”

“ಸಾಲದಿಂದ ಸಾರ್.”

“ವೆರಿ ಗುಡ್,” ಎಂದುಬಿಟ್ಟರು ಸಾರ್. ಪುನರ್ಬಲನದ ಅಭ್ಯಾಸ. “ನಮ್ಮ ದೇಹ?”

“ಮುದ್ದೆಯಿಂದ ಸಾರ್!”

ಅಲ್ಲಿಂದಾಚೆಗೆ ನಿರೀಕ್ಷಿತ ಉತ್ತರದ ಕಾಲಮ್ಮಿಗೂ ತರಗತಿಗೂ ಸಂಬಂಧ ಕಡಿಯಿತು. ಒಬ್ಬನಿಗೆ ಒಂದಕ್ಕೆ ಹೋಗಬೇಕು. ಅವನಿಗೂ ವೆರಿ ಗುಡ್ ಸಿಕ್ಕಿತು. ಅವನ ಹಿಂದೆ ನಾಲ್ವರಿಗೆ ಬಾಯಾರಿತು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ ಎನ್ನುವ ಹೊತ್ತಿಗೆ, ಥರ್ಮಾಕೋಲಿನ ಕೋಶಕ್ಕೆ ಕೋಶಕೇಂದ್ರವಾಗಿ ಅಂಟಿಸಿದ್ದ ಕೆಂಪು ರಬ್ಬರ್ ಚೆಂಡು ಬಿಟ್ಟುಕೊಂಡು ಉರುಳಿತು. ಕಡೆಯ ಬೆಂಚಿನ ಹುಡುಗನೊಬ್ಬ ಅದನ್ನು ಕ್ಯಾಚ್ ಹಿಡಿದು “ಔಟ್!” ಎಂದ. ಅದು ಊಟಕ್ಕೆ ಮುಂಚಿನ ಪೀರಿಯಡ್ಡು. ಬಿಸಿಯೂಟದ ಕೋಣೆಯಿಂದ ಸಾಂಬಾರಿನ ಒಗ್ಗರಣೆ ತೇಲಿ ಬರುತ್ತಿತ್ತು. ಪಾವ್ಲೋವನ ನಾಯಿಯ ಬಗ್ಗೆ ಸಾರ್ ಹತ್ತು ಅಂಕದ ಪ್ರಶ್ನೆ ಬರೆದು ಪಾಸಾದವರು. ಅಂಥದ್ದೇ ಪ್ರಯೋಗ ನಲವತ್ತೆಂಟು ಜನರ ಮೇಲೆ ಒಟ್ಟಿಗೆ ನಡೆಯುವುದನ್ನು ಈಗ ಕಣ್ಣಾರೆ ಕಂಡರು.

ಹೊಡೆಯುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪರೀಕ್ಷೆಗೆ ಬರುತ್ತದೆಂದು ಸಾರ್ ಅದನ್ನು ಬಾಯಿಪಾಠ ಮಾಡಿದ್ದಾರೆ; ಎಂಟನೇ ಬಿ ಸೆಕ್ಷನ್ ಓದದೆಯೇ ಬಲ್ಲದು. ಕೆಲವು ಅಪ್ಪಂದಿರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಶಾಲೆಗೆ ಬಂದವರು “ಕಣ್ಣೆರಡು ಬಿಟ್ಟು ಎಲ್ಲಾದ್ರೂ ಹೊಡೀರಿ ಸಾರ್” ಎಂದು ಮಗನ ಎದುರಿಗೇ ಪರವಾನಗಿ ಕೊಟ್ಟು ಹೋಗುತ್ತಾರೆ.

ಗದ್ದಲ ಕೇಳಿ ಮೊದಲು ಓಡಿ ಬರುವವರು ಪಿ.ಟಿ. ಮೇಷ್ಟ್ರು. ಬಾಗಿಲಲ್ಲಿ ನಿಂತು ಒಂದೇ ಸಲ ಸೀಟಿ ಊದುತ್ತಾರೆ. “ಕೈ ಕಟ್ಟು! ಬಾಯ್ ಮುಚ್ಚು!” ನಲವತ್ತೆಂಟು ಜೊತೆ ಕೈ ಕಟ್ಟಿಕೊಳ್ಳುತ್ತವೆ. ಸಾರ್ ಕೂಡ ಅರೆಕ್ಷಣ ಕಟ್ಟಿಕೊಂಡಿದ್ದನ್ನು ನೋಡಿದವರಿದ್ದಾರೆ. “ಈಗ ಮಾಡಿ ಸಾರ್ ಪಾಠ,” ಎಂದು ಅವರು ಮೈದಾನಕ್ಕೆ ಮರಳುತ್ತಾರೆ. ಆ ಮೌನ ಮೂರು ನಿಮಿಷ ಬಾಳುತ್ತದೆ. ಕೈಗಡದ ಮೌನ, ಬಡ್ಡಿ ಸಮೇತ ವಾಪಸು ಕೊಡಬೇಕು. ಮನೆಯನ್ನು ಸಾಲದಿಂದ ಕಟ್ಟುತ್ತಾರೆ ಎಂದ ಹುಡುಗ ಅಷ್ಟೇನೂ ತಪ್ಪು ಹೇಳಿರಲಿಲ್ಲ.

ಗೈಡ್ ಟೀಚರಾಗಿ ನೇಮಕಗೊಂಡ ವಿಜ್ಞಾನದ ಮೇಷ್ಟ್ರ ಸಹಾಯ ಬೇರೆ ಬಗೆಯದು. ಅವರು ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಎಸ್‌ಎಟಿಎಸ್ ಎಂಬ ಇಲಾಖೆಯ ತಂತ್ರಾಂಶಕ್ಕೆ ಮಕ್ಕಳ ವಿವರ ಎಂಟ್ರಿ ಮಾಡುತ್ತಿರುತ್ತಾರೆ. ಅವರನ್ನು ಬೈಯುವಂತಿಲ್ಲ, ಸಂಜೆಯೊಳಗೆ ಮಾಹಿತಿ ಹೋಗದಿದ್ದರೆ ಬಿ.ಇ.ಓ. ಕಚೇರಿಯಿಂದ ಫೋನು ಬರುತ್ತದೆ. ಪಾಠ ಮುಗಿದ ಮೇಲೆ ಅಬ್ಸರ್ವೇಶನ್ ಪುಸ್ತಕದಲ್ಲಿ “ಕಪ್ಪುಹಲಗೆಯ ಬಳಕೆ ಉತ್ತಮ. ತರಗತಿ ನಿರ್ವಹಣೆ ಸುಧಾರಿಸಬೇಕು” ಎಂದು ಬರೆದು ಸಹಿ ಹಾಕಿದರು. ಹೊರಡುವಾಗ ಮಾತ್ರ ಒಂದು ಮಾತು ಸೇರಿಸಿದರು: “ನಲವತ್ತು ನಿಮಿಷದಲ್ಲಿ ಮೂವತ್ತಾರು ನಿಮಿಷ ನೀವೇ ಮಾತಾಡಿದ್ರಿ.” ಆಮೇಲೆ ಎಂಟ್ರಿಯಲ್ಲಿ ಉಳಿದ ಇಪ್ಪತ್ತು ಹೆಸರನ್ನು ಬಿ.ಇಡಿ. ಸಾರ್ ಕೈಗೆ ದಾಟಿಸಿದರು. ಸಹಾಯ ಎಂದರೆ ಕೊಟ್ಟು ತೆಗೆದುಕೊಳ್ಳುವುದು ತಾನೆ.

ನಿಜವಾದ ವಿದ್ಯೆ ಇದ್ದದ್ದು ಪಕ್ಕದ ಕೋಣೆಯ ಗಣಿತದ ಮೇಡಂ ಬಳಿ. ಮಕ್ಕಳ ಮುಂದೆ ಅವರು ಬಿ.ಇಡಿ. ಸಾರ್‌ಗೆ ತಪ್ಪದೆ ‘ಸಾರ್’ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ‘ಅಪ್ಪಾ’. ಒಂದು ದಿನ ಅವರ ತರಗತಿ ನೋಡಲು ಸಾರ್ ಹಿಂದೆ ಕೂತರು. ಮೇಡಂ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದಾರೆ, ತಿರುಗಿಲ್ಲ. ಬರೆಯುತ್ತಲೇ, “ಮೂರನೇ ಬೆಂಚು, ಆ ಕೈಯಲ್ಲಿರೋದನ್ನ ತಂದು ಟೇಬಲ್ ಮೇಲಿಡು,” ಎಂದರು. ಒಬ್ಬ ರಬ್ಬರ್ ಬ್ಯಾಂಡ್ ತಂದಿಟ್ಟ. ಆಚೆ ಸಾಲಿನ ಮೂರನೇ ಬೆಂಚಿನ ಹುಡುಗಿ ಹುಣಸೆಹಣ್ಣು ತಂದಿಟ್ಟಳು. ನಾಲ್ಕನೇ ಬೆಂಚಿನವನೊಬ್ಬ, ತನ್ನದೇ ಮೂರನೆಯದೇನೋ ಎಂಬ ಅನುಮಾನದಿಂದ ಬುಗುರಿ ತಂದಿಟ್ಟ.

“ಹೇಗೆ ಮೇಡಂ? ನೋಡಲೇ ಇಲ್ವಲ್ಲ!”

“ಯಾವ ಬೆಂಚಲ್ಲಿ ಏನೂ ಇರಲ್ಲ ಹೇಳಪ್ಪಾ,” ಎಂದರು ಮೇಡಂ, ಚಹಾ ಆರಿಸಿಕೊಳ್ಳುತ್ತ.

ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತರಗತಿಗಳ ವಿಡಿಯೊ ಮಾಡಿಸಿ ನೋಡಿ 1970ರಲ್ಲಿ ಒಂದು ಪುಸ್ತಕ ತಂದ. ಮಕ್ಕಳು ತಂಟೆ ಮಾಡಿದ ಮೇಲೆ ಬೈಯುವ ಬಗೆಯಲ್ಲಿ ಸಮರ್ಥ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಅವನಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ತಂಟೆಗೆ ಮುಂಚೆ: ಬೆನ್ನಿಗೂ ಕಣ್ಣಿದೆ ಎಂದು ಮಕ್ಕಳನ್ನು ನಂಬಿಸುವುದರಲ್ಲಿ, ಮಕ್ಕಳ ಕೈ ಖಾಲಿ ಬಿಡದೆ ಪಾಠವನ್ನು ಓಡಿಸುವುದರಲ್ಲಿ. ಬಿ.ಇಡಿ. ಸಾರ್ ಉತ್ಸಾಹದಿಂದ ಇದನ್ನು ವಿವರಿಸಿದಾಗ ಮೇಡಂ, “ಯಾರಪ್ಪಾ ಅವ್ರು? ಯಾವ ಸ್ಕೂಲಲ್ಲಿದ್ರು?” ಎಂದು ವಿಚಾರಿಸಿದರು.

ಕನ್ನಡ ಪಂಡಿತರದು ಚಿಕ್ಕ ಸಲಹೆ. “ಹೆಸರು ಕಲೀರಿ. ‘ಏಯ್ ನೀಲಿ ಅಂಗಿ’ ಅಂತೀರಲ್ಲ, ಅಲ್ಲಿ ಯಾರದ್ದು ನೀಲಿ ಅಂಗಿ ಅಲ್ಲ?”

ಸಾರ್ ಕಲಿತರು. ಎಸ್‌ಎಟಿಎಸ್ ಎಂಟ್ರಿಯ ಪುಣ್ಯದಿಂದ ಇಪ್ಪತ್ತು ಹೆಸರು ತಂದೆಯ ಹೆಸರಿನ ಸಮೇತ ಆಗಲೇ ಬಾಯಿಗೆ ಬಂದಿದ್ದವು. ಎರಡನೇ ತಿಂಗಳಿಗೆ ಬೋರ್ಡು ಬಿಟ್ಟು ಬೆಂಚುಗಳ ನಡುವೆ ನಡೆಯತೊಡಗಿದರು. ಕ್ಯಾಚ್ ಹಿಡಿದ ಹುಡುಗನಿಗೆ ಮಾದರಿಯನ್ನು ಹೊತ್ತು ತರುವ ಕೆಲಸ ಒಪ್ಪಿಸಿದರು. ಕೋಶಕೇಂದ್ರದ ಉಸ್ತುವಾರಿ ಸಚಿವನಾದ ಮೇಲೆ ಅವನು ಬೇರೆ ಯಾರನ್ನೂ ಅದರ ಹತ್ತಿರ ಸುಳಿಯಗೊಡಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಮಾತ್ರ ಸಾರ್‌ಗೆ ಕಡೆಯವರೆಗೂ ಕಷ್ಟವೇ ಆಯಿತು. ತಾವೇ ಕೇಳಿ, ತಾವೇ ಹೇಳಿ, ತಾವೇ ವೆರಿ ಗುಡ್ ಎನ್ನುತ್ತಿದ್ದರು.

ಮಾತಾಡುವವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವುದು ಲೀಡರ್ ಹುಡುಗಿಯ ಕೆಲಸ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು. ಐದು ಇಂಟು ಆದವರು ಬಾಗಿಲಾಚೆ ನಿಂತು ಪಾಠ ಕೇಳಬೇಕು ಎಂದು ಸಾರ್ ಕಾನೂನು ಮಾಡಿದರು. “ಯಾರೇ ಆಗ್ಲಿ ಬರಿಯಮ್ಮ. ಪಕ್ಷಪಾತ ಬೇಡ,” ಎಂದೂ ಹೇಳಿದ್ದರು.

ಹದಿನೈದನೇ ವಾರ. ಮಕ್ಕಳಿಗೆ ಸಸ್ಯಕೋಶದ ಚಿತ್ರ ಬಿಡಿಸಲು ಹೇಳಿ, ಬಿಡಿಸುವಾಗ ನೆನಪಿಡಬೇಕಾದ ಸಂಗತಿಗಳನ್ನು ವಿವರಿಸುತ್ತ ಸಾರ್ ಬೋರ್ಡಿನತ್ತ ತಿರುಗಿದರು. ಮೂಲೆಯಲ್ಲಿ ಒಂದೇ ಹೆಸರಿತ್ತು: ಬಿ.ಇಡಿ. ಸಾರ್. ಮುಂದೆ ಐದು ಇಂಟು.

ಸಾರ್ ಲೀಡರ್ ಕಡೆ ನೋಡಿದರು. ಅವಳು ಸೀಮೆಸುಣ್ಣ ಹಿಡಿದೇ ನಿಂತಿದ್ದಳು. “ನೀವೇ ಹೇಳಿದ್ರಲ್ಲ ಸಾರ್.”

ಕಾರಿಡಾರಿನಲ್ಲಿ ಹಾಜರಿ ಪುಸ್ತಕ ಹಿಡಿದು ಬರುತ್ತಿದ್ದ ಗಣಿತದ ಮೇಡಂ ಬಾಗಿಲ ಪಕ್ಕ ನಿಂತವರನ್ನು ಕಂಡು ತಡೆದರು. “ಏನ್ ಸಾರ್ ಇಲ್ಲಿ?”

“ಐದು ಇಂಟು ಆಯ್ತು ಮೇಡಂ.”

ಮೇಡಂ ಒಳಗೆ ಇಣುಕಿದರು. ನಲವತ್ತೆಂಟು ತಲೆ ಬಗ್ಗಿವೆ. ಪೆನ್ಸಿಲ್ಲಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವರು ಮೆಲ್ಲಗೆ ಹಿಂದೆ ಸರಿದು, ಮಕ್ಕಳಿಗೆ ಕೇಳಿಸುತ್ತದೆ ಎಂಬುದನ್ನೂ ಮರೆತು ಹೇಳಿದರು:

“ಇನ್ನೂ ಹತ್ತು ನಿಮಿಷ ಇಲ್ಲೇ ನಿಂತಿರಪ್ಪಾ.”