ಎಲ್ಲಿ ಹೋಯ್ತು ಆ ಪ್ಯಾನಲ್ಲು?

“ಲೇಯರ್ ಪ್ಯಾನಲ್ಲೇ ಮಾಯ ಆಗೋಯ್ತು ಸಾರ್!” ಕ್ಯೂಜಿಐಎಸ್‌ನಲ್ಲಿ ನಕ್ಷೆ ಬಿಡಿಸುವವರ ಬಾಯಲ್ಲಿ ಈ ಕೂಗು ಹೊಸದೇನಲ್ಲ. ಮಾಯ ಗೀಯ ಏನೂ ಇಲ್ಲ ಸ್ವಾಮಿ, ಮೂಲೆಯ ಇಂಟು ಗುರುತು ಒತ್ತಿದವರು ತಾವೇ. ಈ ಪ್ಯಾನಲ್ ಅಂದರೆ, ಕ್ಯೂಜಿಐಎಸ್ ಕಟ್ಟಲು ಬಳಸಿದ ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನ ಡಾಕ್ ವಿಜೆಟ್. ಮುಚ್ಚಿದರೆ ಅದು ಸಾಯುವುದಿಲ್ಲ, ಅವಿತುಕೊಳ್ಳುತ್ತದೆ ಅಷ್ಟೆ. ವ್ಯೂ ಮೆನುವಿನ ಪ್ಯಾನಲ್ಸ್ ಪಟ್ಟಿಯಲ್ಲಿ ಟಿಕ್ ಹಾಕಿ, ಹಾಜರ್!

ನಾರ್ವೆಯವರು 1995ರಲ್ಲಿ ಲೋಕಕ್ಕೆ ಬಿಟ್ಟ ಈ ಕ್ಯೂಟಿಯಲ್ಲಿ ಬಳಕೆದಾರನೇ ಮಹಾರಾಜ. ಪ್ಯಾನಲ್ಲನ್ನು ಎಳೆದು ನಾಲ್ಕು ದಿಕ್ಕಿನಲ್ಲಿ ಎಲ್ಲಿ ಬೇಕಾದರೂ ಅಂಟಿಸಬಹುದು, ಕಿತ್ತು ತೇಲಿಸಬಹುದು. ಪರದಾಟವೆಲ್ಲ ಕೋಡ್ ಬರೆಯುವವನದು.

ಟ್ಯಾಬಿಫೈಡಾಕ್‌ವಿಜೆಟ್ ಅಂತ ಒಂದು ಕರೆ ಇದೆ. ಒಂದೇ ಗೂಟಕ್ಕೆ ನಾಲ್ಕು ಅಂಗಿ ನೇತುಹಾಕಿದ ಹಾಗೆ, ಪ್ಯಾನಲ್ಲಿನ ಮೇಲೆ ಪ್ಯಾನಲ್. ಮೇಲೆ ಯಾರಿರಬೇಕು ಅನ್ನುವುದನ್ನು ಅದೃಷ್ಟಕ್ಕೆ ಬಿಡಬೇಡಿ, ಬೇಕಾದವನಿಗೆ ‘ರೈಸ್’ ಅಂತ ಹೇಳಿ. ಪೈಥಾನ್‌ನವರಿಗೆ ಇಲ್ಲೂ ಒಂದು ಕೊಕ್ಕೆ: ಆ ಪದವನ್ನು ಭಾಷೆಯೇ ಮೊದಲು ಬುಕ್ ಮಾಡಿಕೊಂಡಿದೆ. ಹಾಗಾಗಿ ಪೈಕ್ಯೂಟಿಯಲ್ಲಿ ಅದರ ಬಾಲಕ್ಕೊಂದು ಅಡಿಗೆರೆ ಎಳೆಯಬೇಕು.

ಇನ್ನು ವಿಸಿಬಿಲಿಟಿಚೇಂಜ್ಡ್ ಸಿಗ್ನಲ್. ಮುಚ್ಚಿದ ಪ್ಯಾನಲ್ಲೂ ‘ನಾನು ಕಾಣ್ತಿಲ್ಲ’ ಅನ್ನುತ್ತದೆ, ಪಕ್ಕದ ಟ್ಯಾಬ್ ಒತ್ತಿದಾಗ ಹಿಂದೆ ಸರಿದದ್ದೂ ಅದೇ ರಾಗ ತೆಗೆಯುತ್ತದೆ. ಇದನ್ನು ನಂಬಿ ಮೆನುವಿನ ಟಿಕ್ ತೆಗೆದಿರೋ, ಟ್ಯಾಬ್ ಬದಲಿಸಿದಾಗಲೆಲ್ಲ ಟಿಕ್ಕೂ ಹಾರಿಹೋಗುತ್ತದೆ. ಡಾಕ್ ತಾನೇ ಕೊಡುವ ಟಾಗಲ್‌ವ್ಯೂಆಕ್ಷನ್ ಇರುವಾಗ ಈ ಕಸರತ್ತು ಯಾಕೆ ಬೇಕಿತ್ತು?

ಕೆಲವರು ಟ್ಯಾಬಿನ ಮೇಲೊಂದು ಐಕಾನ್ ಇಡಲು ಹೊರಡುತ್ತಾರೆ. ಆ ಟ್ಯಾಬ್‌ಬಾರನ್ನು ಮೇನ್‌ವಿಂಡೋ ತನ್ನ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿದೆ, ನೇರವಾಗಿ ಕೇಳಿದರೆ ಕೊಡುವುದಿಲ್ಲ. ಫೈಂಡ್‌ಚಿಲ್ಡ್ರನ್ ಬಲೆ ಬೀಸಿ ಹಿಡಿಯಬೇಕು. ಹಿತ್ತಲ ಬಾಗಿಲಿನ ವ್ಯವಹಾರ, ನನಗಂತೂ ಹಿಡಿಸದು.

ಎಲ್ಲಕ್ಕಿಂತ ಮಿಗಿಲು ನಾಮಕರಣ. ಪ್ಯಾನಲ್ಲುಗಳ ಜೋಡಣೆಯನ್ನು ಉಳಿಸಿಡುವ ಸೇವ್‌ಸ್ಟೇಟ್ ಪ್ರತಿ ಡಾಕನ್ನೂ ಗುರುತಿಸುವುದು ಅದರ ಆಬ್ಜೆಕ್ಟ್‌ನೇಮ್‌ನಿಂದಲೇ. ಹೆಸರಿಡದಿದ್ದರೆ ಕನ್ಸೋಲಿನಲ್ಲಿ ಗೊಣಗುತ್ತದೆ, ಮರುದಿನ ಬಳಕೆದಾರ ಜೋಡಿಸಿದ್ದೆಲ್ಲ ಕಲಸುಮೇಲೋಗರ. ತಲೆಬರಹವನ್ನು ಕನ್ನಡಕ್ಕಾದರೂ ತಿರುಗಿಸಿ, ತಮಿಳಿಗಾದರೂ ತಿರುಗಿಸಿ, ಈ ಹೆಸರನ್ನು ಮಾತ್ರ ಮುಟ್ಟಬೇಡಿ.

ಕೋಡಿಗರೇ, ಒಂದೇ ಬಿನ್ನಹ. ಡಾಕ್‌ಗಳನ್ನೆಲ್ಲ ಸೇರಿಸಿದ ಮೇಲೆ, ಹಳೆಯ ಜೋಡಣೆಯನ್ನು ರಿಸ್ಟೋರ್ ಮಾಡುವ ಮುಂಚೆ, ಒಂದು ಸೇವ್‌ಸ್ಟೇಟ್ ತೆಗೆದಿಡಿ. ಮೆನುವಿನಲ್ಲಿ ‘ಮೊದಲಿನಂತೆ ಜೋಡಿಸು’ ಅಂತ ಒಂದು ಸಾಲು ಹಾಕಿ ಅದಕ್ಕೆ ತಗುಲಿಸಿ. ನಿಮಗೆ ಬರುವ ಫೋನುಗಳಲ್ಲಿ ಅರ್ಧ ಅಲ್ಲೇ ನಿಲ್ಲುತ್ತವೆ.